ಸುಳಿ ನೋಡಿ ತಂದ ಪ್ಲಗ್ಗು

ಕಳೆದ ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಸೊರಬ ತಾಲ್ಲೂಕಿನ ಜಡೆಯಲ್ಲಿ, ನಮ್ಮ ಭಾವನ ಕಾರು ಕೊಟ್ಟಿಗೆಯಿಂದ ಹೊರಬಂದು ರಸ್ತೆಗಿಳಿಯಿತು.

ಇದರಲ್ಲೇನು ಸುದ್ದಿ ಎಂದು ನೀವು ಕೇಳಬಹುದು. ಶಿಕಾರಿಪುರದಲ್ಲಿ ಕೂತು ಪತ್ರಿಕೆಗೆ ವರದಿ ಕಳಿಸುವ ನನಗೆ ಈ ಪ್ರಶ್ನೆ ಹೊಸದಲ್ಲ. ಕಚೇರಿಯವರು ದಿನಾ ಕೇಳುತ್ತಾರೆ. ಸುದ್ದಿ ಇರುವುದು ಸೋಮವಾರದಲ್ಲಿ. ಕೊಂಡ ದಿನದಿಂದ ಅಲ್ಲಿಯವರೆಗೆ ಆ ಕಾರು ಸೋಮವಾರ ಒಂದು ಮಾರು ದೂರವೂ ಉರುಳಿದ್ದಿಲ್ಲ. ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಏರಿಸುವಂತಿಲ್ಲ. ಕಾರು ಎತ್ತಲ್ಲವಲ್ಲ ಎಂದಿರಾ? ದಯವಿಟ್ಟು ನಮ್ಮ ಭಾವನ ಎದುರು ಹೀಗೆ ಹೇಳಬೇಡಿ!

ಭಾವ ಎಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಒಂದು ಕಾಲದಲ್ಲಿ ಜಡೆಯ ಸುತ್ತಮುತ್ತ ಯಾರಿಗೆ ಎತ್ತು ಬೇಕಾದರೂ ಸಂತೆಗೆ ಹೊರಡುವ ಮೊದಲು ಇವರ ಮನೆಗೆ ಬರುತ್ತಿದ್ದರು. ಇವರು ದಲ್ಲಾಳಿಯಲ್ಲ; ಹವ್ಯಾಸಕ್ಕೆ ಹೋಗುತ್ತಿದ್ದವರು. ಸಂತೆಯಲ್ಲಿ ನಿಂತು, ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು, ಮೈಮೇಲಿನ ಸುಳಿ ನೋಡಿ ಗುಣ ಹೇಳುತ್ತಿದ್ದರು. ಬೆನ್ನಿನ ಕೂದಲು ಎಡಕ್ಕೆ ಸುತ್ತಿದೆಯೋ ಬಲಕ್ಕೆ ಸುತ್ತಿದೆಯೋ ಎಂಬುದರ ಮೇಲೆ ಒಂದು ಮನೆಯ ಏಳುಬೀಳು ನಿಂತಿದೆ ಎಂದು ನಂಬಿದವರು. ಆಮೇಲೆ ಗದ್ದೆಗೆ ಟಿಲ್ಲರ್ ಬಂತು, ಟ್ರ್ಯಾಕ್ಟರ್ ಬಂತು. ಎತ್ತುಗಳು ಹೋದವು. ಖಾಲಿ ಬಿದ್ದ ಕೊಟ್ಟಿಗೆಗೆ ಭಾವ ಒಂದು ಬಿಳಿ ಪೆಟ್ರೋಲ್ ಕಾರು ತಂದು ಕಟ್ಟಿದರು. ಕಟ್ಟಿದರು ಎಂದೇ ಬರೆದಿದ್ದೇನೆ, ಮುದ್ರಣದೋಷವಲ್ಲ. ಹ್ಯಾಂಡ್‌ಬ್ರೇಕಿನ ಮೇಲೆ ಅವರಿಗೆ ಭರವಸೆಯಿಲ್ಲ. ಕೊಟ್ಟಿಗೆಯ ಗೂಟಕ್ಕೂ ಕಾರಿನ ಹಿಂಬದಿಯ ಕೊಂಡಿಗೂ ಇವತ್ತಿಗೂ ಒಂದು ಹಗ್ಗವಿದೆ.

ಅವರು ಕಾರು ಓಡಿಸುವುದನ್ನು ನೀವು ನೋಡಬೇಕು. ಏರು ಬಂದರೆ ಆಕ್ಸಿಲರೇಟರ್ ಒತ್ತುವ ಮೊದಲು ನಾಲಿಗೆಯಲ್ಲಿ ಲೊಟಕ್ಕೆಂದು ಸದ್ದು ಮಾಡುತ್ತಾರೆ. ಇಳಿಜಾರು ಬಂದರೆ "ಹೋ, ಹೋ" ಎಂದಾದ ಮೇಲೆಯೇ ಬ್ರೇಕು. ಜಡೆಯಿಂದ ಶಿಕಾರಿಪುರಕ್ಕೆ ಬರುವ ದಾರಿಯಲ್ಲಿ ಒಂದು ಹುಣಸೆಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿಡುತ್ತಾರೆ. ನೊಗ ಇಳಿಸಿದ್ದು ಅದು. ಕಾರು ದಣಿವಾರಿಸಿಕೊಳ್ಳುತ್ತದೆ, ಭಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಹಾರ್ನ್ ಮಾತ್ರ ಮುಟ್ಟುವುದಿಲ್ಲ. ಒಮ್ಮೆ ನಾನೂ ಜೊತೆಗಿದ್ದಾಗ ಶಿರಾಳಕೊಪ್ಪದ ಹತ್ತಿರ ರಸ್ತೆ ತುಂಬ ಕುರಿ. ಕುರಿ ಕಾಯುವವನು ಹಿಂಡಿನ ಮಧ್ಯದಿಂದ ಕೂಗಿದ.

"ಹಾರ್ನ್ ಹೊಡೀರಿ ಯಜಮಾನ್ರ, ಸರೀತಾವು!"

"ಹಾರ್ನ್ ಹೊಡದ್ರೆ ಕಾರು ಬೆದರತ್ತೆ" ಎಂದರು ಭಾವ.

"ಕಾರ್ ಬೆದರ್ತೈತಾ? ಕುರಿ ಬೆದರ್ತಾವ್ರಿ!"

"ಕುರಿ ನಿಂದು. ಅದ್ರ ಚಿಂತೆ ನೀನು ಮಾಡು. ಕಾರು ನಂದು."

ಕೊನೆಯ ಕುರಿ ತನ್ನ ಇಷ್ಟದಂತೆ ರಸ್ತೆ ದಾಟುವವರೆಗೆ ನಾವು ಕಾದೆವು. ಹಿಂದೆ ನಿಂತ ಬಸ್ಸಿನ ಚಾಲಕ ನಮ್ಮ ಬಗ್ಗೆ ಆಡಿದ ಮಾತುಗಳು ಪ್ರಕಟಣೆಗೆ ಯೋಗ್ಯವಲ್ಲ.

ನಗುವುದಾದರೆ ನಗಿ. ನಾನು ನಗುವಾಗಲೂ ಸ್ವಲ್ಪ ತಗ್ಗಿ ನಗುತ್ತೇನೆ, ಕಾರಣವಿದೆ. ಅಕ್ಕನ ಎರಡೂ ಮಂಡಿ ಸವೆದಿವೆ. ಒಬ್ಬ ಡಾಕ್ಟರು ಆಪರೇಷನ್ ಆಗಬೇಕು ಎಂದರು. ಅವಳ ಹೃದಯ ನೋಡಿದ ಇನ್ನೊಬ್ಬ ಡಾಕ್ಟರು ಆಪರೇಷನ್ ಕೂಡದು ಎಂದರು. ಬಸ್ಸಿನ ಮೊದಲ ಮೆಟ್ಟಿಲು ಅವಳ ಪಾಲಿಗೆ ಗೋಡೆ. ಬೇರೆ ಕಾರುಗಳನ್ನೂ ನೋಡಿದ್ದಾಯಿತು. ಒಂದರ ಸೀಟು ಮೊಣಕಾಲಿಗಿಂತ ಕೆಳಗೆ, ಇನ್ನೊಂದರದು ಅಟ್ಟದಷ್ಟು ಮೇಲೆ. ಈ ಹಳೆಯ ಕಾರಿನ ಮುಂದಿನ ಸೀಟಿಗೆ ಭಾವ ಹಲಸಿನ ಹಲಗೆ ಕೆತ್ತಿಸಿ, ಅದರ ಮೇಲೆ ಹತ್ತಿಯ ದಿಂಬು ಹೊಲಿಸಿ, ಅಕ್ಕನ ಮಂಡಿಯ ಎತ್ತರಕ್ಕೆ ಸರಿಯಾಗಿ ಕೂರಿಸಿದ್ದಾರೆ. ಬೆನ್ನು ತಿರುಗಿಸಿ ಕೂತು, ಕಾಲೆರಡನ್ನೂ ಒಳಗೆ ಸರಿಸಿಕೊಂಡರೆ ಆಯಿತು. ಅಮ್ಮ ತೀರಿಕೊಂಡ ಮೇಲೆ ಅಕ್ಕನಿಗೆ ತವರು ಎಂದು ಉಳಿದದ್ದು ಶಿಕಾರಿಪುರದ ನನ್ನ ಬಾಡಿಗೆ ಮನೆ ಒಂದೇ. ಭಾನುವಾರ ಬೆಳಿಗ್ಗೆ ಕಾರು ಬಾಗಿಲಿಗೆ ಬರುತ್ತದೆ. ಅಕ್ಕ ನಿಧಾನಕ್ಕೆ ಇಳಿದು ಅಡುಗೆಮನೆಗೆ ಹೋಗಿ, ನನ್ನ ಹೆಂಡತಿ ಮಾಡಿದ ಸಾರಿಗೆ ಹುಳಿ ಸಾಲದು ಎನ್ನುತ್ತಾಳೆ. ಊಟ ಮಾಡಿ, ಹಳೆಯ ಮಾತಾಡಿ, ಸಂಜೆ ಹೊರಡುತ್ತಾಳೆ. ಅಷ್ಟೇ. ಆ ಅಷ್ಟನ್ನು ವಾರ ತಪ್ಪದೆ ನನಗೆ ತಂದುಕೊಟ್ಟವರು ಭಾವ.

ಕಾರಿಗೆ ಹದಿನೈದು ವರ್ಷ ತುಂಬಿದಾಗ ಗಂಡಾಂತರ ಬಂತು. ನೋಂದಣಿ ನವೀಕರಿಸಬೇಕು. ಆರ್‌ಟಿಒ ಕಚೇರಿಗೆ ಒಯ್ದು ಅಧಿಕಾರಿಯ ಎದುರು ನಿಲ್ಲಿಸಿ, ಇದಿನ್ನೂ ರಸ್ತೆಗೆ ಯೋಗ್ಯ ಎನ್ನಿಸಿಕೊಳ್ಳಬೇಕು. ಅದಕ್ಕೂ ಮೊದಲು ಹೊಗೆ ತಪಾಸಣೆ ಪಾಸಾಗಬೇಕು. ಆಗದಿದ್ದರೆ ಕಾರು ಗುಜರಿಗೆ, ಅಕ್ಕ ಜಡೆಯ ಮನೆಯ ಹೊಸ್ತಿಲೊಳಗೆ.

ಸೊರಬದ ಪೆಟ್ರೋಲ್ ಬಂಕಿನ ಪಕ್ಕ ಹೊಗೆ ನೋಡುವ ವ್ಯಾನೊಂದು ನಿಲ್ಲುತ್ತದೆ. ಅದರ ಮಾಲೀಕ ಕಾರಿನ ಬಾಲಕ್ಕೆ ನಳಿಗೆ ಹಾಕಿ, ಪರದೆ ನೋಡಿ, ತಲೆ ಅಲ್ಲಾಡಿಸಿದ.

"ಫೇಲ್ ಆಯ್ತು ಯಜಮಾನ್ರೆ. ಪೆಟ್ರೋಲ್ ಪೂರಾ ಸುಡ್ತಾ ಇಲ್ಲ. ಪ್ಲಗ್ ಬದಲಾಯಿಸ್ಕಂಡು ಬನ್ನಿ."

"ಬೆಳಿಗ್ಗೆ ಥಂಡಿ ಇತ್ತು" ಎಂದರು ಭಾವ. "ಥಂಡೀಲಿ ಯಾರ ಬಾಯಲ್ಲಿ ಹೊಗೆ ಬರಲ್ಲ? ನಿಂಗೆ ಬರಲ್ವಾ?"

ಸೊರಬದಲ್ಲೇ ಅವರ ಖಾಯಂ ಮೆಕ್ಯಾನಿಕ್ ಇದ್ದಾನೆ. ಅವನು ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ ಬಟ್ಟೆಯ ಮೇಲಿಟ್ಟ. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಈ ಹೆಬ್ಬೆರಳಿನಷ್ಟು ಸಾಮಾನಿನ ತುದಿಯಲ್ಲಿ ಒಂದು ಸಣ್ಣ ಕೊಕ್ಕೆ, ಅದಕ್ಕೂ ನಡುವಿನ ಮೊಳೆಗೂ ಕೂದಲೆಳೆಯಂಥ ಸಂದು. ಭಾವ ಕನ್ನಡಕ ಏರಿಸಿ ಒಂದೊಂದನ್ನೂ ಎತ್ತಿ ನೋಡಿದರು. ನಾಲ್ಕೂ ಮಸಿ.

"ಹಲ್ಲು ಸವೆದಿದೆ" ಎಂದರು.

"ಹೌದು. ನಾಲ್ಕೂ ತೆಗೆದು ಹೊಸದು ಹಾಕಿ ಬಿಡುವ. ಪಕ್ಕದ ಅಂಗಡೀಲೇ ಸಿಗತ್ತೆ" ಎಂದ ಮೆಕ್ಯಾನಿಕ್.

ಭಾವ ಒಪ್ಪಲಿಲ್ಲ. ಸೊರಬದ ಕಡೆಯ ಎತ್ತು ಮಳೆನೀರು ಕುಡಿದದ್ದು, ಮೆತ್ತಗೆ. ಗಟ್ಟಿ ಎತ್ತು ಬೇಕಾದರೆ ಬಯಲಿನ ಕಡೆಗೆ ಹೋಗಬೇಕು. ಆದ್ದರಿಂದ ಪ್ಲಗ್ಗನ್ನು ಶಿಕಾರಿಪುರದಲ್ಲೇ ಕೊಳ್ಳಬೇಕು. ಸೊರಬದ ಅಂಗಡಿಗೂ ಶಿಕಾರಿಪುರದ ಅಂಗಡಿಗೂ ಪ್ಲಗ್ಗು ಬರುವುದು ಒಂದೇ ಲಾರಿಯಲ್ಲಿ ಎಂದು ನಾನು ಫೋನಿನಲ್ಲಿ ಹೇಳಿದೆ. "ಬಂದಿರ್ಬಹುದು. ಇಳಿದು ನಿಂತ ಜಾಗ ಬೇರೆ ಅಲ್ವಾ ಮಾರಾಯ್ರೆ?" ಎಂದರು.

ಹೀಗೆ ಹಳೆಯ ಪ್ಲಗ್ಗುಗಳನ್ನೇ ಮತ್ತೆ ಹಾಕಿಸಿಕೊಂಡು, ಕೆಮ್ಮುವ ಕಾರಿನಲ್ಲಿ ಭಾವ ಶಿಕಾರಿಪುರಕ್ಕೆ ಬಂದರು. ಬಿಡಿಭಾಗಗಳ ಅಂಗಡಿಗೆ ನಾನೇ ಕರೆದೊಯ್ದೆ. ಮಾಲೀಕರು ನನಗೆ ಪರಿಚಯ, ತಾಳ್ಮೆಯ ಮನುಷ್ಯ.

"ಯಾವ ಗಾಡಿ ರೀ?"

"ಬಿಳೀದು" ಎಂದರು ಭಾವ.

"ಬಣ್ಣ ಅಲ್ರೀ, ಮಾಡೆಲ್ ಯಾವ್ದು?"

ಮಾಡೆಲ್ ನಾನು ಹೇಳಿದೆ. ಮಾಲೀಕರು ಎರಡು ಬಗೆಯ ಡಬ್ಬಿ ಮುಂದಿಟ್ಟರು. ಒಂದು ಸಾದಾ, ಇನ್ನೊಂದು ಇರಿಡಿಯಂ.

"ಇದ್ರದ್ದು ಎಂತ ವಿಶೇಷ?"

"ಬಾಳಿಕೆ ರೀ. ಲಕ್ಷ ಕಿಲೋಮೀಟರ್ ಓಡ್ತೈತಿ."

"ಅಷ್ಟು ನಾನೇ ಓಡಲ್ಲ ಮಾರಾಯ್ರೆ. ನಾನು ಹೋದ್ಮೇಲೆ ಇದನ್ನ ನೋಡ್ಕಳೋರು ಯಾರು? ಸಾದಾದ್ದೇ ಕೊಡಿ."

ಸಾದಾ ಪ್ಲಗ್ಗು ಬಂತು. ಭಾವ ಡಬ್ಬಿಯಿಂದ ಅದನ್ನು ತೆಗೆದುಕೊಂಡು ಅಂಗಡಿಯ ಮೆಟ್ಟಿಲಿಗೆ ಹೋದರು. ಬಿಸಿಲಿಗೆ ಹಿಡಿದು ತಿರುಗಿಸತೊಡಗಿದರು. ಒಳಗೆ ಬಂದು ಇನ್ನೊಂದು ತೆಗೆದುಕೊಂಡರು. ಮತ್ತೊಂದು. ಕೌಂಟರಿನ ಮೇಲೆ ಬಾಯಿ ತೆರೆದ ಡಬ್ಬಿಗಳ ಸಾಲೇ ಆಯಿತು. ಮಾಲೀಕರು ನನ್ನ ಕಿವಿಯ ಹತ್ತಿರ ಬಂದರು.

"ಸರ್, ಏನ್ ನೋಡ್ತಾರ್ರಿ ಇವ್ರು?"

"ಸುಳಿ" ಎಂದೆ. ಕಂಡದ್ದನ್ನು ಹೇಳುವುದು ನನ್ನ ಉದ್ಯೋಗ.

ಪ್ಲಗ್ಗಿನ ಕೆಳಭಾಗದಲ್ಲಿ ತಿರುಪು ಇರುತ್ತದಲ್ಲ, ಅದು ಸುತ್ತಿಕೊಂಡು ಹೋದ ದಿಕ್ಕನ್ನು ಭಾವ ಪರೀಕ್ಷಿಸುತ್ತಿದ್ದರು. ಬಲಸುಳಿಯಾದರೆ ಶುಭ. ಎಡಸುಳಿಯನ್ನು ಮನೆಗೆ ತರುವಂತಿಲ್ಲ.

"ಎಲ್ಲಾನೂ ಬಲಕ್ಕೇ ಸುತ್ತಿರ್ತಾವ್ರಿ ಯಜಮಾನ್ರ! ಕಂಪನಿಯವ್ರೇ ಹಂಗ ಮಾಡಿರ್ತಾರ!"

ಭಾವನ ಮುಖ ಅರಳಿತು. "ಎಲ್ಲಾನೂ ಬಲಸುಳಿಯಾ? ಒಳ್ಳೇ ತಳಿ" ಎಂದರು.

ಆಗ ಮಾಲೀಕರು ಒಂದು ತಪ್ಪು ಮಾಡಿದರು. ತಾವೂ ಸ್ವಲ್ಪ ತಿಳಿವಳಿಕೆ ಹೇಳೋಣ ಎಂದುಕೊಂಡು, ಪ್ಲಗ್ಗುಗಳಲ್ಲಿ ಬಿಸಿಯದು ತಂಪಿನದು ಎಂಬ ಭೇದವಿದೆ ಎಂದುಬಿಟ್ಟರು. ಭಾವ ಸ್ಟೂಲು ಎಳೆದುಕೊಂಡು ಕೂತರು.

"ನಮ್ಮದು ಉಷ್ಣದ ಗಾಡಿ. ಬೇಸಿಗೇಲಿ ನೀರು ಕುದಿಯತ್ತೆ. ತಂಪಿಂದು ಕೊಡಿ."

"ನಿಮ್ಮ ಗಾಡಿಗೆ ತಂಪಿಂದು ಹಾಕಿದ್ರ ಮಸಿ ಕಟ್ತೈತ್ರಿ."

"ಹಂಗಾರೆ ಬಿಸೀದು ಕೊಡಿ."

"ಬಿಸೀದು ಹಾಕಿದ್ರ ಸುಟ್ಟು ಹೋಗ್ತೈತ್ರಿ."

"ಮತ್ತೆ ನೀವು ಮಾರೋದಾದ್ರೂ ಎಂತ?"

ಕಂಪನಿ ಗೊತ್ತು ಮಾಡಿದ ನಂಬರಿನದೇ ಆಗಬೇಕು, ಅದು ಬಿಸಿಯೂ ಅಲ್ಲ ತಂಪೂ ಅಲ್ಲ, ಹದ ಎಂದು ಮಾಲೀಕರು ಬೆವರು ಒರೆಸಿಕೊಂಡು ವಿವರಿಸಿದರು. ಹದ ಎಂಬ ಮಾತು ಭಾವನಿಗೆ ಹಿಡಿಸಿತು. ಇನ್ನು ಬೆಲೆ. ಭಾವ ಹೆಗಲ ಟವೆಲ್ ತೆಗೆದರು. ನನಗೆ ಗೊತ್ತಾಯಿತು, ತಡೆಯುವಷ್ಟರಲ್ಲಿ ಮಾಲೀಕರ ಬಲಗೈ ಟವೆಲ್ಲಿನಡಿ ಸಿಕ್ಕಿಹಾಕಿಕೊಂಡಿತ್ತು. ಸಂತೆಯಲ್ಲಿ ಎತ್ತಿನ ವ್ಯಾಪಾರ ಹಾಗೆಯೇ ನಡೆಯುವುದು. ಬೆಲೆ ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಕುದುರಿಸುತ್ತಾರೆ.

"ಡಬ್ಬಿ ಮ್ಯಾಲೆ ರೇಟ್ ಬರದೈತಲ್ರಿ!"

"ಅದು ಊರಿಗೆಲ್ಲ ಕಾಣೋ ರೇಟು. ನಮ್ಮಿಬ್ರದ್ದು ಹೇಳಿ."

ಟವೆಲ್ಲಿನ ಒಳಗೆ ಮುಂದೆ ಏನು ನಡೆಯಿತು ಎಂಬ ಬಗ್ಗೆ ಖಚಿತ ಮಾಹಿತಿ ಇಲ್ಲ. ಟವೆಲ್ ತೆಗೆದಾಗ ಇಬ್ಬರೂ ನಗುತ್ತಿದ್ದರು. ಮಾಲೀಕರ ಅಜ್ಜ ಕುರಿ ಸಾಕಿದವರಂತೆ, ಬೆರಳ ಭಾಷೆ ಅವರಿಗೂ ಬರುತ್ತಿತ್ತು.

ಮಾಲೀಕರು ಸಂತೋಷದಿಂದ ನಾಲ್ಕು ಪ್ಲಗ್ಗು ಕಟ್ಟಲು ಹೊರಟರು. ಭಾವ ಎರಡನ್ನು ಹಿಂದಕ್ಕೆ ಸರಿಸಿದರು.

"ಒಂದು ಜೋಡಿ ಸಾಕು."

"ಗಾಡಿಗೆ ನಾಕು ಬೇಕಲ್ರಿ?"

"ಗಾಡೀಲೇ ಹಳೇ ಜೋಡಿ ಇದೆಯಲ್ಲ."

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಹೊಸ ಹೋರಿಗಳೆರಡನ್ನು ಒಟ್ಟಿಗೆ ನೊಗಕ್ಕೆ ಹೂಡಿದರೆ ಏನಾಗುತ್ತದೆ? ಒಂದು ತೋಟಕ್ಕೆ, ಒಂದು ಕೆರೆಗೆ, ನೇಗಿಲು ಬೇಲಿಗೆ! ಅದಕ್ಕೇ ಹೊಸತನ್ನು ಅನುಭವಸ್ಥ ಹಳೆಯ ಎತ್ತಿನ ಜೊತೆ ಹೂಡುತ್ತಾರೆ. ಹಳೆಯದು ದಾರಿ ಕಲಿಸುತ್ತದೆ, ಹೊಸತು ಕಲಿಯುತ್ತದೆ. ಭಾವ ಹೀಗೆ ಪಳಗಿಸಿದ ಹೋರಿಗಳು ಸೊರಬದಿಂದ ಬಳ್ಳಿಗಾವಿಯವರೆಗೆ ಗದ್ದೆ ಉತ್ತಿವೆ. ಪ್ಲಗ್ಗಿಗೂ ಇದೇ ನಿಯಮ ಎಂಬುದು ಅವರ ಸಿದ್ಧಾಂತ. ಹೊಸ ಪ್ಲಗ್ಗು ಅಂಗಡಿಯ ಡಬ್ಬಿಯಲ್ಲಿ ಬೆಳೆದದ್ದು, ಅದಕ್ಕೆ ಎಂಜಿನ್ನಿನ ರೀತಿನೀತಿ ಏನು ಗೊತ್ತು?

ನಾನು ಇಬ್ಬರು ಮೆಕ್ಯಾನಿಕ್‌ಗಳನ್ನೂ ಒಬ್ಬ ಎಂಜಿನಿಯರನ್ನೂ ಕೇಳಿ, ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು ಎಂಬ ಅವರ ಅಭಿಪ್ರಾಯವನ್ನು ಭಾವನ ಮುಂದಿಟ್ಟೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ಪೇಪರ್‌ನೋರೆ, ಇವ್ರು ಮೂರೂ ಜನ ಸೇರಿ ಎಷ್ಟು ಹೋರಿ ಪಳಗಿಸಿದಾರೆ?"

"ಒಂದೂ ಇಲ್ಲ ಭಾವ."

"ಅದನ್ನೂ ಬರ್ಕಳಿ" ಎಂದರು.

ಸೊರಬದ ಮೆಕ್ಯಾನಿಕ್ ಹೊಸ ಎರಡನ್ನು ನಡುವೆಯೂ ಹಳೆಯ ಎರಡನ್ನು ಅಂಚಿನಲ್ಲೂ ಹಾಕಿಕೊಟ್ಟ. ಹಳೆಯವು ಎರಡೂ ಬದಿಯಿಂದ ಕಣ್ಣಿಟ್ಟಿರಬೇಕಂತೆ. ಕೊನೆಯ ತಿರುಪು ಬಿಗಿಮಾಡಿ ಅವನು ಕೈ ಮುಗಿದ. "ಇದು ನಾನು ಮಾಡಿದ್ದು ಅಂತ ಮಾತ್ರ ಯಾರ ಹತ್ರನೂ ಹೇಳ್ಬೇಡಿ ಮಾರ್ರೆ!"

ಅವತ್ತು ಅಕ್ಕನೂ ನಾನೂ ಜೊತೆಗಿದ್ದೆವು. ಕಾರು ಹೊರಟ ಬಗೆಯನ್ನು ಹೇಗೆ ವರ್ಣಿಸಲಿ? ಜಗ್ಗಿತು, ನಿಂತಿತು, ಮತ್ತೆ ಹಾರಿತು. ಹಿಂದಿನ ಸೀಟಿನಲ್ಲಿದ್ದ ನನ್ನ ತಲೆ ಮೇಲಿನ ಬಟ್ಟೆಯನ್ನು ಮುಟ್ಟಿ ಬಂತು. ಮುಂದೆ ಕೂತ ಅಕ್ಕ ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡಿದ್ದಳು. ಭಾವ ಒಬ್ಬರೇ ಖುಷಿಯಲ್ಲಿದ್ದರು.

"ಗೊತ್ತಾಯ್ತಾ? ಹೊಸದು ಮುಂದೆ ಎಳೀತಿದೆ, ಹಳೇದು ತಡೀತಿದೆ. ಪಳಗತ್ತೆ, ಪಳಗತ್ತೆ."

"ಅದು ಪಳಗೋ ಹೊತ್ತಿಗೆ ನನ್ನ ಸೊಂಟನೂ ಮಂಡಿ ಜೊತೆ ಸೇರ್ಕಳತ್ತೆ ಬಿಡಿ" ಎಂದಳು ಅಕ್ಕ.

ಎರಡನೆಯ ಹೊಗೆ ತಪಾಸಣೆಯಲ್ಲೂ ಕಾರು ಫೇಲಾಯಿತು. ಅದೇ ವಾರ ಆರ್‌ಟಿಒ ಕಚೇರಿಯಿಂದ ತಪಾಸಣೆಯ ದಿನ ನಿಗದಿಯಾಗಿ ಫೋನಿಗೆ ಸಂದೇಶ ಬಂತು. ಸೋಮವಾರ! ಬೇರೆ ದಿನ ಕೇಳೋಣವೆಂದರೆ ಹಳೆಯ ನೋಂದಣಿಯ ಅವಧಿ ಅಷ್ಟರೊಳಗೆ ಮುಗಿಯುತ್ತಿತ್ತು. ಅವತ್ತಿನಿಂದ ಭಾವ ಊಟವಾದ ಮೇಲೆ ಕೊಟ್ಟಿಗೆಗೆ ಹೋಗಿ ಕಾರಿನ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರಂತೆ.

ತಪಾಸಣೆಗೆ ಇನ್ನೊಂದು ವಾರವಿರುವಾಗ ಬಂದ ಭಾನುವಾರ ಕಾರು ನಮ್ಮ ಮನೆಗೆ ಬರಲಿಲ್ಲ. ನಾನೇ ಬಸ್ಸು ಹಿಡಿದು ಜಡೆಗೆ ಹೋದೆ. ಅಕ್ಕ ಜಗಲಿಯ ಕುರ್ಚಿಯಲ್ಲಿ ಕೂತು ಉಪ್ಪಿನಕಾಯಿಗೆ ಮಾವಿನಮಿಡಿ ಆರಿಸುತ್ತಿದ್ದಳು. ಭಾವ ಕಂಬಕ್ಕೆ ಒರಗಿದ್ದರು.

"ಬಾರೋ ತಮ್ಮ. ಇನ್ಮೇಲೆ ನೀನೇ ಬರ್ಬೇಕು ಕಣೋ" ಎಂದಳು ಅಕ್ಕ. "ಕಾರು ಹೋದ್ರೆ ಹೋಗ್ಲಿ. ಎಷ್ಟು ವರ್ಷ ಸುತ್ತಾಡ್ಸಿದಾರೆ, ಸಾಕು."

ದೂರಿನ ದನಿಯಲ್ಲಿ ಹೇಳಿದ್ದರೆ ಭಾವ ಎದುರು ಮಾತಾಡುತ್ತಿದ್ದರು. ಅವಳು ಸಾರಿಗೆ ಉಪ್ಪು ಸರಿಯಿದೆ ಎನ್ನುವ ಹಾಗೆ ಹೇಳಿದಳು. ಭಾವ ಅಂಗಳ ನೋಡಿದರು. ಅಕ್ಕ ಇನ್ನೊಂದು ಮಿಡಿಯ ತೊಟ್ಟು ಮುರಿದು, ಅದೇ ದನಿಯಲ್ಲಿ ಕೇಳಿದಳು.

"ರೀ, ನೀವು ಹೊಸ ಹೋರೀನ ಹಳೇ ಎತ್ತಿನ ಜೊತೆ ಎಷ್ಟು ದಿನ ಹೂಡ್ತಿದ್ರಿ?"

"ದಾರಿ ಹಿಡಿಯೋ ತನಕ. ಚುರುಕಿನದಾದ್ರೆ ಹದಿನೈದು ದಿನ."

"ಆಮೇಲೆ?"

"ಆಮೇಲೆ ಎಂತ? ಅದೇ ಪಳಗಿದ ಎತ್ತು."

"ಈ ಹೊಸ ಪ್ಲಗ್ಗು ಹಾಕಿ ಹದಿನೈದು ದಿನ ಆಯ್ತಲ್ಲ. ಬಲಸುಳಿ, ಒಳ್ಳೇ ತಳಿ ಅಂತ ನೀವೇ ಹೇಳಿದ್ರಿ. ಇನ್ನೂ ದಾರಿ ಹಿಡೀಲಿಲ್ವಾ?"

ಭಾವ ಕಂಬ ಬಿಟ್ಟು ನೆಟ್ಟಗೆ ಕೂತರು.

"ಈಗ ಅವೇ ಪಳಗಿದ ಜೋಡಿ" ಎಂದಳು ಅಕ್ಕ. "ಮುದಿಯಾದ ಎರಡನ್ನ ಬಿಡ್ಸಿ. ಇನ್ನೊಂದು ಹೊಸ ಜೋಡಿ ತಂದು ಇವುಗಳ ಜೊತೆ ಹೂಡಿ. ಇವು ಕಲಿಸ್ತಾವೆ."

ವೃತ್ತಿಯಲ್ಲಿ ಅನೇಕ ಸಂಧಾನಗಳನ್ನು ನೋಡಿದ್ದೇನೆ. ಇಷ್ಟು ಚೊಕ್ಕವಾದದ್ದನ್ನು ನೋಡಿರಲಿಲ್ಲ. ಇಬ್ಬರು ಮೆಕ್ಯಾನಿಕ್, ಒಬ್ಬ ಎಂಜಿನಿಯರ್, ಒಬ್ಬ ವರದಿಗಾರ ಸೇರಿ ಆಗದ್ದನ್ನು ಅಕ್ಕ ಮಿಡಿ ಆರಿಸುತ್ತ ಮುಗಿಸಿದಳು! ಭಾವ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಇದು ನಂಗೆ ಮೊದ್ಲೇ ಹೊಳೆದಿತ್ತು" ಎಂದರು. "ಇವಳು ಹೇಳ್ತಾಳಾ ನೋಡ್ವ ಅಂತ ಸುಮ್ನಿದ್ದೆ."

ಮಂಗಳವಾರ ಶಿಕಾರಿಪುರದಿಂದ ಎರಡನೆಯ ಜೋಡಿ ಬಂತು. ಮಾಲೀಕರು ಈ ಸಲ ತಾವೇ ಕೈ ಮುಂದೆ ಚಾಚಿದರಂತೆ. ಸೊರಬದಲ್ಲಿ ಅದನ್ನು ಹಾಕಿಸಿ ಕಾರು ಚಾಲೂ ಮಾಡಿದಾಗ ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದು, "ಇದು ನಾನೇ ಮಾಡಿದ್ದು ಅಂತ ಎಲ್ಲರಿಗೂ ಹೇಳಿ" ಎಂದ. ವ್ಯಾನಿನವನು ನಳಿಗೆ ಹಾಕಿ ನೋಡಿ, ಪಾಸು ಎಂದ.

"ಥಂಡಿ ಕಮ್ಮಿ ಆಯ್ತು ನೋಡು" ಎಂದರು ಭಾವ.

ಉಳಿದದ್ದು ಸೋಮವಾರದ ಸಮಸ್ಯೆ. ಇದನ್ನು ಭಾವ ಒಬ್ಬರೇ ಬಗೆಹರಿಸಿಕೊಂಡರು. ಸೋಮವಾರ ಎತ್ತನ್ನು ಹೂಡಬಾರದು, ಸರಿ. ಆದರೆ ಕಾಯಿಲೆ ಬಿದ್ದ ಎತ್ತನ್ನು ಸೋಮವಾರ ಡಾಕ್ಟರ ಹತ್ತಿರ ಹೊಡೆದುಕೊಂಡು ಹೋಗುವುದಿಲ್ಲವೇ? ಅದು ದುಡಿಮೆಯಲ್ಲ. ಮೈಮೇಲೆ ಹೇರು ಇರಬಾರದು, ಅಷ್ಟೇ. ಹಾಗಾಗಿ ಆ ಬೆಳಿಗ್ಗೆ ಡಿಕ್ಕಿಯಿಂದ ಗೋಣಿಚೀಲ, ಕೊಡೆ, ತೆಂಗಿನಕಾಯಿ ಎಲ್ಲ ಇಳಿದವು. ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟು ಇಳಿಯಿತು. ಹಿಂದಿನ ದಿನವೇ ಬಂದು ಉಳಿದಿದ್ದ ನನ್ನ ಚೀಲ ಕೂಡ ಗೂಟಕ್ಕೆ ನೇತುಬಿತ್ತು.

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು.

"ನಾನೂ ಬರ್ತೀನಿ."

"ಅಲ್ಲಿ ನಿಂಗೆಂತ ಕೆಲ್ಸ?"

"ಪಾಸಾಗ್ಲಿಲ್ಲ ಅಂದ್ರೆ ಇದ್ರಲ್ಲಿ ಕೂರೋದು ಇದೇ ಕೊನೆ ಅಲ್ವಾ? ಹೊರೆ ಆಗತ್ತೆ ಅಂದ್ರೆ ಹೇಳಿ, ಇಲ್ಲೇ ಇರ್ತೀನಿ."

ಭಾವ ಮುಂದಿನ ಬಾಗಿಲು ತೆರೆದು ಹಿಡಿದರು. "ನೀನು ಯಾವತ್ತು ಹೊರೆ ಆಗಿದ್ದೆ ಮಾರಾಯ್ತಿ? ಕೂತ್ಕ."

"ಹಂಗಾರೆ ಇವನು?" ಅಕ್ಕ ನನ್ನ ಕಡೆ ಕೈ ಮಾಡಿದಳು.

ಭಾವ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಇವ್ರು ಹೊರೆಯೇ. ಆದ್ರೆ ಹಗುರ."

ಆರ್‌ಟಿಒ ಕಚೇರಿಯ ಅಂಗಳದಲ್ಲಿ ಒಬ್ಬ ಅಧಿಕಾರಿ ಕಾರಿನ ಸುತ್ತ ಬಂದರು. ದೀಪ ನೋಡಿದರು, ಟೈರು ನೋಡಿದರು, ಚಾಸಿಯ ಮೇಲಿನ ನಂಬರು ನೋಡಿದರು. ಭಾವ ಅವರ ಹಿಂದೆ ಹಿಂದೆಯೇ ಕೈ ಕಟ್ಟಿಕೊಂಡು ನಡೆದರು. ಸಂತೆಯಲ್ಲಿ ಇಷ್ಟು ವರ್ಷ ಪರೀಕ್ಷೆ ಮಾಡಿದವರು ಅವರು. ಮಾರುವವನ ಜಾಗದಲ್ಲಿ ನಿಂತದ್ದು ಇದೇ ಮೊದಲು.

"ಹಾರ್ನ್ ಹೊಡೀರಿ" ಎಂದರು ಅಧಿಕಾರಿ.

ಭಾವ ಮೊದಲು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದರು. ಆಮೇಲೆ ಒಳಗೆ ಕೂತು, ಕಣ್ಣು ಮುಚ್ಚಿ ಹಾರ್ನ್ ಒತ್ತಿದರು.

"ಸರಿ. ಎಂಜಿನ್ ಸ್ಟಾರ್ಟ್ ಮಾಡಿ."

"ಆಗಿಂದ ಸ್ಟಾರ್ಟಾಗೇ ಇದೆ ಸಾರ್."

ಅಧಿಕಾರಿ ಬಾನೆಟ್ಟಿಗೆ ಅಂಗೈ ಇಟ್ಟು ನೋಡಿದರು. ಕಾರು ಮಲಗಿದ ಕರುವಿನ ಹಾಗೆ ಉಸಿರಾಡುತ್ತಿತ್ತು. "ಚೆನ್ನಾಗಿ ಇಟ್ಕಂಡಿದ್ದೀರಿ" ಎಂದು ಹೇಳಿ ಅವರು ಮುಂದಿನ ಗಾಡಿಗೆ ಹೋದರು. ಪಾಸಾಯಿತು ಎಂದು ಭಾವನಿಗೆ ನಾನು ಎರಡು ಸಲ ಹೇಳಬೇಕಾಯಿತು.

ಹಿಂದಿರುಗುವಾಗ ಸೊರಬದ ಬಸ್ ನಿಲ್ದಾಣದಲ್ಲಿ ನನ್ನನ್ನು ಇಳಿಸುವುದು, ನಾನು ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋಗುವುದು, ಅವರಿಬ್ಬರೂ ಜಡೆಗೆ ಹೊರಳುವುದು ಎಂದು ಮಾತಾಗಿತ್ತು. ಸೊರಬ ಬಂತು. ನಿಲ್ದಾಣವೂ ಬಂತು. ಕಾರು ನಿಲ್ಲಲಿಲ್ಲ.

"ಭಾವ" ಎಂದೆ.

ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ನಾನು ಮುಂದಕ್ಕೆ ಬಾಗಿದೆ. ಅಕ್ಕ ನಿದ್ದೆ ಹೋಗಿದ್ದಳು. ತಲೆ ಕಿಟಕಿಯ ಕಡೆ ವಾಲಿತ್ತು, ಮಂಡಿಯ ಮೇಲಿನ ಕೈ ಸಡಿಲವಾಗಿತ್ತು.

ಜಡೆಯ ರಸ್ತೆ ಕವಲೊಡೆಯುವಲ್ಲಿಯೂ ಭಾವ ಹೊರಳಲಿಲ್ಲ. ನೇರ ಶಿಕಾರಿಪುರದ ದಾರಿ ಹಿಡಿದರು. ಏರು ಬಂದಾಗ ನಾಲಿಗೆಯ ಸದ್ದು ಮಾಡಲಿಲ್ಲ, ಇಳಿಜಾರಿನಲ್ಲಿ "ಹೋ" ಎನ್ನಲಿಲ್ಲ. ಶಿರಾಳಕೊಪ್ಪ ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು.

"ರಾತ್ರಿ ಇವಳು ಮಲಗಲ್ಲ. ಮಗ್ಗುಲು ತಿರುಗಿದ್ರೆ ನೋವು. ಗೋಡೆಗೆ ಒರಗಿ ಕೂತಿರ್ತಾಳೆ. ವರ್ಷಗಳಾಯ್ತು."

ಇದು ನನಗೆ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ನನ್ನ ಮನೆಗೆ ಬಂದು ಸಾರಿಗೆ ಹುಳಿ ಸಾಲದು ಎನ್ನುವ ಅಕ್ಕ ಇದನ್ನು ಹೇಳಿರಲಿಲ್ಲ.

ಶಿಕಾರಿಪುರದಲ್ಲಿ ನಮ್ಮ ಬಾಗಿಲ ಮುಂದೆ ಕಾರು ನಿಂತು ಎಂಜಿನ್ ಆರಿದಾಗ ಅಕ್ಕನಿಗೆ ಎಚ್ಚರವಾಯಿತು. ಸುತ್ತ ನೋಡಿ, "ಅಯ್ಯೋ, ಇಲ್ಲಿಗೆ ಎಂತಕ್ಕೆ ಬಂದ್ರಿ?" ಎಂದಳು.

"ಹೊಸ ಜೋಡಿ" ಎಂದರು ಭಾವ. "ದಾರಿ ತಪ್ತು."

ನೋಂದಣಿ ಐದು ವರ್ಷಕ್ಕೆ ನವೀಕರಣಗೊಂಡಿದೆ. ಕಳೆದ ಭಾನುವಾರ ಮಧ್ಯಾಹ್ನ ಕಾರು ನಮ್ಮ ಮನೆಯ ಮುಂದೆ, ಬೇವಿನ ನೆರಳಿನಲ್ಲಿ, ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಅಕ್ಕ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು. ಭಾವ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದು, ಕುಕ್ಕರ್ ಸೀಟಿ ಹಾಕುವ ಮೊದಲು ಒಲೆ ಆರಿಸುವಂತೆ ನನ್ನ ಹೆಂಡತಿಗೆ ಹೇಳಿದರು.